ಕಿಟಕಿ ಮೇಲೆ, ಕೊಳಲು ಕೆಳಗೆ: ಸತ್ಯಜಿತ್ ರೇ ಅವರ ‘ಟೂ’ ಬಗ್ಗೆ ಒಂದು ಚರ್ಚೆ

ಹೊಸದುರ್ಗದ ಹುಡುಗ:
ಗೆಳೆಯರೊಂದಿಗೆ ಮಾತಿಲ್ಲದ ಒಂದು ಕಿರುಚಿತ್ರ ಮಾಡಲು ಹೊರಟಿದ್ದೇನೆ. ಅದಕ್ಕಾಗಿ ಸತ್ಯಜಿತ್ ರೇ 1964ರಲ್ಲಿ ಮಾಡಿದ ‘ಟೂ’ (Two, ಅಂದರೆ ‘ಎರಡು’) ನೋಡಿದೆ. ಕಪ್ಪು ಬಿಳುಪಿನ ಚಿತ್ರ, ಕಾಲು ಗಂಟೆಯೊಳಗೆ ಮುಗಿಯುತ್ತದೆ. ನೋಡದವರಿಗಾಗಿ ಕತೆ ಹೇಳಿಬಿಡುತ್ತೇನೆ. ಶ್ರೀಮಂತರ ಮನೆಯ ಹುಡುಗ ಮಹಡಿ ಕಿಟಕಿಯಲ್ಲಿದ್ದಾನೆ. ಗುಡಿಸಲಿನ ಹುಡುಗ ಕೆಳಗೆ ಬಯಲಲ್ಲಿದ್ದಾನೆ. ಕೆಳಗಿನವನು ಕೊಳಲು ಊದಿದರೆ ಮೇಲಿನವನು ಆಟಿಕೆ ತುತ್ತೂರಿ ತರುತ್ತಾನೆ. ಅವನು ಡೋಲು ತಂದರೆ ಇವನು ಡೋಲು ಬಾರಿಸುವ ಕೋತಿ ಬೊಂಬೆ ತೋರಿಸುತ್ತಾನೆ. ಅವನು ಮುಖವಾಡ ಹಾಕಿಕೊಂಡು ಬಂದರೆ ಇವನ ಬಳಿ ಮುಖವಾಡಗಳ ರಾಶಿಯೇ ಇದೆ, ಜೊತೆಗೆ ಕತ್ತಿ, ಬಂದೂಕು. ಕೊನೆಗೆ ಬಡ ಹುಡುಗ ಗಾಳಿಪಟ ಹಾರಿಸುತ್ತಾನೆ. ಇವನು ಏರ್‌ಗನ್ ತಂದು ಅದನ್ನು ಹೊಡೆದು ಕೆಡವುತ್ತಾನೆ.

ನನ್ನ ಪ್ರಕಾರ ಇಡೀ ಚಿತ್ರ ನಿಂತಿರುವುದು ಕ್ಯಾಮೆರಾ ಕೋನದ ಮೇಲೆ. ಮಹಡಿಯಿಂದ ನೋಡಿದಾಗ ಬಡ ಹುಡುಗ ಪುಟ್ಟವನಾಗಿ ಹುಲ್ಲಿನ ನಡುವೆ ಕಳೆದುಹೋಗುತ್ತಾನೆ. ಗೆಲ್ಲುವವನು ಯಾರು ಅಂತ ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಛಾಯಾಗ್ರಾಹಕ ಸೌಮೇಂದು ರಾಯ್ ಇಷ್ಟು ಸರಳ ಉಪಾಯದಲ್ಲಿ ಎಷ್ಟೆಲ್ಲ ಹೇಳಿದ್ದಾರೆ ನೋಡಿ.

ಶ್ರುತಿಪೆಟ್ಟಿಗೆ:
ಕೋನ ಮುಖ್ಯ, ಒಪ್ಪುತ್ತೇನೆ. ಆದರೆ ಅದಷ್ಟೇ ಆಗಿದ್ದರೆ ಈ ಚಿತ್ರ ಗಾಳಿಪಟ ಬಿದ್ದ ಕ್ಷಣಕ್ಕೇ ಮುಗಿಯಬೇಕಿತ್ತು, ಅಲ್ವಾ? ಮೇಲಿದ್ದವನು ಗೆದ್ದ, ಕೆಳಗಿದ್ದವನು ಸೋತ ಅಂತ. ಮುಗಿಯುವುದಿಲ್ಲ. ಹುಡುಗ ಒಳಗೆ ಬಂದು ತನ್ನ ಆಟಿಕೆಗಳನ್ನೆಲ್ಲ ಒಟ್ಟಿಗೆ ಓಡಿಸುತ್ತಾನೆ. ಕೋಣೆ ತುಂಬ ಗದ್ದಲ. ಆ ಗದ್ದಲದ ನಡುವೆಯೇ ಮತ್ತೆ ಕೊಳಲು ಕೇಳುತ್ತದೆ. ಏರ್‌ಗನ್ ಗಾಳಿಪಟವನ್ನು ಹರಿಯಬಹುದು, ಕೊಳಲಿನ ಸದ್ದಿಗೆ ಏನೂ ಮಾಡಲಾಗದು. ಕಣ್ಣಿಗೆ ಕಾಣುವ ಪ್ರತಿಯೊಂದರಲ್ಲೂ ಶ್ರೀಮಂತ ಹುಡುಗನದೇ ಮೇಲುಗೈ. ಕಿವಿಗೆ ಬೀಳುವುದರಲ್ಲಿ ಮಾತ್ರ ಅಲ್ಲ.

ಶಬ್ದಗಳ ಗುಣವನ್ನೂ ಗಮನಿಸಿ. ಕೋತಿ ಬೊಂಬೆ, ರೋಬಾಟ್, ಇವೆಲ್ಲ ತಾವಾಗಿಯೇ ಸದ್ದು ಮಾಡುತ್ತವೆ. ಹುಡುಗ ಓಡಿಸಿ ಸುಮ್ನೆ ನೋಡುತ್ತ ನಿಲ್ಲುತ್ತಾನೆ. ಬಡ ಹುಡುಗ ಡೋಲನ್ನು ತಾನೇ ಬಾರಿಸಬೇಕು, ಕೊಳಲಿಗೆ ತನ್ನದೇ ಉಸಿರು ಕೊಡಬೇಕು. ಇದನ್ನು ಯಾವ ಕೋನವೂ ಹೇಳುವುದಿಲ್ಲ. ಸಂಗೀತವೂ ರೇ ಅವರದೇ. 1961ರ ‘ತೀನ್ ಕನ್ಯಾ’ದಿಂದ ಅವರೇ ತಮ್ಮ ಚಿತ್ರಗಳಿಗೆ ಸಂಗೀತ ಮಾಡಿಕೊಳ್ಳುತ್ತಿದ್ದರು.

ಕತ್ತರಿ:
ಇಬ್ಬರೂ ಸಂಕಲನವನ್ನು ಬಿಟ್ಟೇಬಿಟ್ಟಿರಿ! ಸಂಕಲನಕಾರ ದುಲಾಲ್ ದತ್ತ, ರೇ ಅವರ ಮೊದಲ ಚಿತ್ರ ‘ಪಥೇರ್ ಪಾಂಚಾಲಿ’ಯಿಂದಲೂ ಅವರ ಜೊತೆಗಿದ್ದವರು. ಇಲ್ಲಿ ಬಹುಪಾಲು ಇಬ್ಬರು ಹುಡುಗರೂ ಬೇರೆ ಬೇರೆ ಶಾಟ್‌ಗಳಲ್ಲಿದ್ದಾರೆ. ಅವರ ನಡುವಿನ ಜಗಳ ಹುಟ್ಟುವುದೇ ಕಟ್‌ನಲ್ಲಿ. ಒಬ್ಬ ತೋರಿಸುತ್ತಾನೆ, ಕಟ್, ಇನ್ನೊಬ್ಬನ ಮುಖ, ಕಟ್, ಇವನ ಉತ್ತರ. ಸವಾಲ್ ಜವಾಬ್ ಹಾಗೆ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಬಡ ಹುಡುಗ ಗುಡಿಸಲಿಗೆ ಓಡಿದಾಗ ಕ್ಯಾಮೆರಾ ಅವನ ಹಿಂದೆ ಹೋಗುವುದಿಲ್ಲ. ಅವನು ಏನು ತರುತ್ತಾನೋ ಅಂತ ನಾವೂ ಕಿಟಕಿಯಲ್ಲೇ ಕಾಯುತ್ತೇವೆ. ಶ್ರೀಮಂತ ಹುಡುಗ ಒಳಗೆ ಹೋದಾಗ ಮಾತ್ರ ನಾವೂ ಜೊತೆಗೆ ಹೋಗಿ ಆಟಿಕೆಗಳನ್ನೆಲ್ಲ ನೋಡುತ್ತೇವೆ. ಅಂದರೆ ನಾವು ಯಾರ ಪಕ್ಕ ನಿಂತಿದ್ದೇವೆ? ಬಂದೂಕು ಹಿಡಿದವನ ಪಕ್ಕ. ಗಾಳಿಪಟ ಬಿದ್ದಾಗ ನಮಗೆ ಅಷ್ಟು ಕಸಿವಿಸಿ ಆಗುವುದು ಅದಕ್ಕೇ.

ಕೆರೆದಂಡೆ:
ನನಗೆ ಈ ಚಿತ್ರದ ಬಗ್ಗೆ ತಕರಾರಿದೆ. ಶ್ರೀಮಂತನ ಕೈಯಲ್ಲಿ ಕೋಕಾ ಕೋಲಾ, ತಲೆ ಮೇಲೆ ಮಿಕ್ಕಿ ಮೌಸ್ ಕಿವಿಯ ಟೋಪಿ. ಬಡವನಿಗೆ ಕೊಳಲು, ಡೋಲು, ಗಾಳಿಪಟ. ಒಬ್ಬನಿಗೆ ಅಂಗಡಿ, ಇನ್ನೊಬ್ಬನಿಗೆ ಜಾನಪದ. ಬಡವರ ಮಗು ಅಂದರೆ ಕೊಳಲು ಊದುತ್ತ ಹುಲ್ಲಿನಲ್ಲಿ ನಿಂತಿರಬೇಕಾ? ಆ ಮಗುವಿಗೂ ಕೋತಿ ಬೊಂಬೆ ಬೇಕು ಅನಿಸಿರುತ್ತದೆ. ಕತ್ತರಿ ಹೇಳಿದ ಹಾಗೆ ಗುಡಿಸಲಿನೊಳಗೆ ಕ್ಯಾಮೆರಾ ಹೋಗುವುದಿಲ್ಲ. ಅದನ್ನು ನಾನು ಜಾಣ್ಮೆ ಅನ್ನುವುದಿಲ್ಲ, ಕೊರತೆ ಅನ್ನುತ್ತೇನೆ. ಆ ಹುಡುಗನ ಬದುಕು ನಮಗೆ ಗೊತ್ತಾಗುವುದೇ ಇಲ್ಲ.

ಶ್ರುತಿಪೆಟ್ಟಿಗೆ:
ಕೆರೆದಂಡೆ, ಅವನಿಗೆ ಬೇಕು ಅನಿಸುವುದು ಚಿತ್ರದಲ್ಲಿ ಇದೆಯಲ್ಲ. ಪ್ರತಿ ಸಲ ಮೇಲಿನವನು ಹೊಸದನ್ನು ತೋರಿಸಿದಾಗ ಕೆಳಗಿನವನ ಮುಖ ಬಾಡುತ್ತದೆ. ಅವನೂ ಪೈಪೋಟಿಗೆ ಇಳಿದಿದ್ದಾನೆ. ತನ್ನ ಡೋಲು ಸಾಕು ಅಂತ ನೆಮ್ಮದಿಯಾಗಿರುವ ಮಗುವೇನಲ್ಲ ಅದು.

ಇನ್ನು ಈ ಚಿತ್ರ ಹುಟ್ಟಿದ್ದು ‘ಎಸ್ಸೋ ವರ್ಲ್ಡ್ ಥಿಯೇಟರ್’ ಅನ್ನುವ ಅಮೆರಿಕದ ಟಿವಿ ಸರಣಿಗಾಗಿ. ಬಂಗಾಳದ ಹಿನ್ನೆಲೆಯಲ್ಲಿ ಇಂಗ್ಲಿಷ್ ಚಿತ್ರ ಬೇಕು ಅಂತ ಕೇಳಿದ್ದರು. ಬಂಗಾಳದ ಮಕ್ಕಳ ಬಾಯಲ್ಲಿ ಇಂಗ್ಲಿಷ್ ಆಡಿಸುವ ಬದಲು ರೇ ಮಾತನ್ನೇ ತೆಗೆದರು. ದೂರದ ವೀಕ್ಷಕರಿಗೂ ನೋಡಿದ ಕೂಡಲೇ ತಿಳಿಯುವ ವಸ್ತುಗಳು ಬೇಕಿದ್ದವು. ಕೋಕಾ ಕೋಲಾ, ಕೊಳಲು ಬಂದದ್ದು ಹಾಗೆ ಅನಿಸುತ್ತದೆ. ದುಡ್ಡು ಹಾಕಿದ್ದು ಅಮೆರಿಕದ ಎಣ್ಣೆ ಕಂಪನಿ. ಬಂದೂಕು ಹಿಡಿದ ಹುಡುಗನ ತಲೆಗೆ ಮಿಕ್ಕಿ ಮೌಸ್ ಟೋಪಿ ಇಡಲು ಧೈರ್ಯ ಬೇಕಿತ್ತು.

ಕೆರೆದಂಡೆ:
ಧೈರ್ಯ ಒಪ್ಪಿದೆ. ಆದರೂ ಕೊನೆಯಲ್ಲಿ ಆಟಿಕೆ ರೋಬಾಟ್ ನಡೆದು ಬಂದು ಹುಡುಗ ಕಟ್ಟಿದ ಗೋಪುರವನ್ನು ಬೀಳಿಸುತ್ತದಲ್ಲ, ಅದು ಜಾಸ್ತಿಯಾಯಿತು. ಕೊಳಲು ಆಗಲೇ ಎಲ್ಲ ಹೇಳಿತ್ತು. ಅದರ ಮೇಲೆ ಮತ್ತೆ ಒಂದು ಗುರುತು ಯಾಕೆ?

ಕತ್ತರಿ:
ನನಗೆ ಆ ರೋಬಾಟ್ ಬೇಕೇ ಬೇಕು. ಗೋಪುರ ಬೀಳಿಸುವುದು ಕೆಳಗಿನ ಹುಡುಗ ಅಲ್ಲ, ಇವನದೇ ಆಟಿಕೆ. ಇವನೇ ಓಡಿಸಿ ಬಿಟ್ಟದ್ದು. ಅದಕ್ಕೆ ಎದುರಿಗೆ ಏನಿದೆ ಅಂತ ಕಾಣುವುದಿಲ್ಲ. ಬರೀ ಕೊಳಲಿನಲ್ಲಿ ಮುಗಿಸಿದ್ದರೆ ನೀವು ಹೇಳಿದ ತಕರಾರು ಇನ್ನೂ ಬಲವಾಗುತ್ತಿತ್ತು. ಬಡವ ಕೊಳಲೂದಿ ಗೆದ್ದ ಅನ್ನುವ ಸಿಹಿ ಕತೆ ಆಗುತ್ತಿತ್ತು. ಈಗ ಹಾಗಿಲ್ಲ. ಅವನ ಗಾಳಿಪಟ ಹರಿದದ್ದು ಹರಿದೇ ಇದೆ.

ಹೊಸದುರ್ಗದ ಹುಡುಗ:
ನಾನು ಕ್ಯಾಮೆರಾ ಪರವೇ ಮಾತಾಡುತ್ತೇನೆ. ಗಾಳಿಪಟದ ದೃಶ್ಯ ನೋಡಿ. ಅದುವರೆಗೆ ಕೆಳಗೇ ನೋಡುತ್ತಿದ್ದ ಹುಡುಗನಿಗೆ ಗಾಳಿಪಟ ಕಾಣುವುದು ಕಿಟಕಿಯಾಚೆ ಆಕಾಶದಲ್ಲಿ. ಆಮೇಲೆ ನೋಟ ದಾರದ ಗುಂಟ ಇಳಿದು ಅದೇ ಬಡ ಹುಡುಗನ ಕೈಗೆ ಬರುತ್ತದೆ. ಕೆಳಗಿನವನ ವಸ್ತು ಮೊದಲ ಬಾರಿಗೆ ಇವನ ಮಹಡಿಗಿಂತ ಮೇಲಿದೆ. ಆಟ ಆಡುತ್ತಿದ್ದವನು ಬಂದೂಕಿಗೆ ಕೈ ಹಾಕುವುದು ಆಗ. ಮೊದಲು ಕವಣೆಯಲ್ಲಿ ಹೊಡೆದು ನೋಡುತ್ತಾನೆ, ಆಗುವುದಿಲ್ಲ. ಎತ್ತರ ತಿರುಗುಮುರುಗಾದದ್ದಕ್ಕೆ ಬಂದ ಕೋಪ ಅದು. ಇದರಲ್ಲಿ ಶಬ್ದದ ಪಾತ್ರ ಏನಿದೆ ಹೇಳಿ.

ಶ್ರುತಿಪೆಟ್ಟಿಗೆ:
ಗಾಳಿಪಟಕ್ಕೆ ಸದ್ದಿಲ್ಲ. ಅದನ್ನೇ ನಾನು ಹೇಳುತ್ತಿರುವುದು! ಬಡ ಹುಡುಗ ಕೊಳಲು, ಡೋಲು ಬಿಟ್ಟು ಸದ್ದಿಲ್ಲದ ವಸ್ತುವಿನೊಂದಿಗೆ ಬಂದಾಗಲೇ ಅವನ ಮೇಲೆ ನಿಜವಾದ ಏಟು ಬೀಳುತ್ತದೆ. ಮತ್ತೆ ಕೊಳಲಿಗೆ ಮರಳಿದಾಗ ಯಾರಿಗೂ ಅವನನ್ನು ಮುಟ್ಟಲಾಗುವುದಿಲ್ಲ.

‘ಪಥೇರ್ ಪಾಂಚಾಲಿ’ ನೆನಪಿಸಿಕೊಳ್ಳಿ. ಮಗಳು ಸತ್ತಿರುವುದು ಗೊತ್ತಿಲ್ಲದೆ ಅಪ್ಪ ಅವಳಿಗೆ ಸೀರೆ ತಂದಿದ್ದಾನೆ. ತಾಯಿ ಬಾಯಿ ತೆರೆದು ಅಳುತ್ತಾಳೆ. ಅಳುವಿನ ದನಿ ತೆಗೆದು ಆ ಜಾಗದಲ್ಲಿ ತಾರ್ ಶೆಹನಾಯಿ ಅನ್ನುವ ತಂತಿವಾದ್ಯದ ದನಿ ಇಟ್ಟರು ರೇ. ಕಾಣುವುದು ಒಂದು, ಕೇಳುವುದು ಇನ್ನೊಂದು. 1955ರಲ್ಲೇ ಅವರಿಗೆ ಇದು ಗೊತ್ತಿತ್ತು.

ಕತ್ತರಿ:
ಹೊಸದುರ್ಗದ ಹುಡುಗ, ನಿಮ್ಮ ಚಿತ್ರಕ್ಕೆ ಒಂದು ಮಾತು. ರೇ ಅವರದೇ, ಅದೇ 1964ರ ‘ಚಾರುಲತಾ’ ಚಿತ್ರದ ಆರಂಭ ನೋಡಿ. ಒಂಟಿ ಹೆಂಗಸು ಕಿಟಕಿಯಿಂದ ಕಿಟಕಿಗೆ ಓಡುತ್ತ ದುರ್ಬೀನಿನಲ್ಲಿ ಬೀದಿ ನೋಡುತ್ತಾಳೆ. ಅಲ್ಲೂ ಮಾತು ಇಲ್ಲವೆನ್ನುವಷ್ಟು ಕಡಿಮೆ. ಎರಡರಲ್ಲೂ ಕಿಟಕಿಯಿದೆ, ಒಳಗೆ ಬೇಸರಗೊಂಡ ಒಂದು ಜೀವವಿದೆ. ಚಾರು ನೋಡಿ ಸುಮ್ಮನಾಗುತ್ತಾಳೆ, ಈ ಹುಡುಗ ಹೊಡೆಯುತ್ತಾನೆ. ಎರಡನ್ನೂ ಒಟ್ಟಿಗೆ ನೋಡಿದರೆ ಪಾತ್ರವನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದು ಚೆನ್ನಾಗಿ ತಿಳಿಯುತ್ತದೆ.

ಕೆರೆದಂಡೆ:
ಒಂದು ಕೋರಿಕೆ ನನ್ನದೂ ಇದೆ. ನಿಮ್ಮ ಚಿತ್ರದಲ್ಲೂ ಬಡ ಮಗು ಇದ್ದರೆ ಕ್ಯಾಮೆರಾ ತೆಗೆದುಕೊಂಡು ಗುಡಿಸಲಿನೊಳಗೆ ಒಮ್ಮೆ ಹೋಗಿ ಬನ್ನಿ.

ಹೊಸದುರ್ಗದ ಹುಡುಗ:
ಮಗು ಇದೆ. ಮನೆಯೊಳಗೆ ಹೋಗುವ ದೃಶ್ಯ ಬರೆದಿರಲಿಲ್ಲ, ಇವತ್ತು ರಾತ್ರಿ ಬರೆಯುತ್ತೇನೆ. ಶಬ್ದ ಬೇರೆಯಾಗಿ ರೆಕಾರ್ಡ್ ಮಾಡಲು ಯಾವ ಮೈಕ್ ಸಾಕಾಗುತ್ತದೆ ಅಂತ ಶ್ರುತಿಪೆಟ್ಟಿಗೆ ತಿಳಿಸಿದರೆ ಉಪಕಾರ.