ಆಫೀಸಿನವರ ಜೊತೆ ಕೆರೆ ದಂಡೆಯ ಬೀರ್ ಗಾರ್ಡನ್‌ನಲ್ಲಿ ಊಟ: ಮನೆ ಡಬ್ಬಿ ಒಯ್ಯಬಹುದಾ? (ಮ್ಯೂನಿಕ್)

ಖಾರಮಂಡಕ್ಕಿ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮ್ಯೂನಿಕ್‌ಗೆ ಬಂದು ಮೂರು ತಿಂಗಳಾಯಿತು. ಬರುವ ಗುರುವಾರ ನಮ್ಮ ಟೀಮಿನವರೆಲ್ಲ ಮಧ್ಯಾಹ್ನದ ಊಟಕ್ಕೆ ಇಂಗ್ಲಿಷ್ ಗಾರ್ಡನ್ ಪಾರ್ಕಿಗೆ ಹೋಗುತ್ತಿದ್ದೇವೆ. ಅಲ್ಲಿ ಕ್ಲೈನ್‌ಹೆಸ್ಸೆಲೋಹರ್ ಅಂತ ಒಂದು ಕೆರೆ. ಆ ಹೆಸರು ಬಾಯಿಗೆ ಬರೋಕೇ ನನಗೆ ಒಂದು ವಾರ ಹಿಡಿಯಿತು. ಅದರ ದಂಡೆಯ ಮೇಲೆ ದೊಡ್ಡ ಬೀರ್ ಗಾರ್ಡನ್ ಇದೆಯಂತೆ. ನಾವು 13 ಜನ. ಸಸ್ಯಾಹಾರಿ ನಾನೊಬ್ಬನೇ. ಬೀರೂ ಕುಡಿಯುವುದಿಲ್ಲ.

ಕಳೆದ ತಿಂಗಳು ಬೇರೆ ಕಡೆ ಹೋಗಿದ್ದಾಗ ಆಲೂಗಡ್ಡೆ ಸಲಾಡ್ ತಗೊಂಡಿದ್ದೆ. ಆಲೂಗಡ್ಡೆ ತಾನೇ, ಏನಿರುತ್ತೆ ಅಂದುಕೊಂಡು ಅರ್ಧ ತಿಂದಿದ್ದೆ. ಪಕ್ಕದಲ್ಲಿದ್ದವರು ಆಮೇಲೆ ಹೇಳಿದರು, ಅದನ್ನು ಮಾಂಸದ ಸಾರು ಹಾಕಿ ಕಲಸುತ್ತಾರೆ ಅಂತ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಈಗ ಒಬ್ಬ ಸಹೋದ್ಯೋಗಿ, ‘ಮನೆಯಿಂದಲೇ ಊಟ ತಗೊಂಡು ಬಾ, ಎಲ್ಲರೂ ತರುತ್ತಾರೆ’ ಅಂತಾನೆ. ತಮಾಷೆ ಮಾಡ್ತಿದ್ದಾನಾ, ನಿಜವಾ? ನಮ್ಮ ಕಡೆ ಹೋಟೆಲಿನ ಗೋಡೆ ಮೇಲೆ ‘ಹೊರಗಿನ ತಿಂಡಿ ತಿನಿಸು ತರಬಾರದು’ ಅಂತ ಬೋರ್ಡೇ ಇರುತ್ತೆ ಅಲ್ವಾ. ಚಿಕ್ಕವನಿದ್ದಾಗ ನಮ್ಮಜ್ಜಿ ಒಂದು ಹೋಟೆಲಿನಲ್ಲಿ ರೊಟ್ಟಿ ಗಂಟು ಬಿಚ್ಚಿದ್ದಕ್ಕೆ ಸಪ್ಲೈಯರ್ ಎಲ್ಲರೆದುರು ಬೈದಿದ್ದ. ಅದು ಇನ್ನೂ ನೆನಪಿದೆ. ಮ್ಯಾನೇಜರ್ ಮುಂದೆ ಹಾಗಾಗಬಾರದು, ಅದಕ್ಕೇ ಕೇಳ್ತಿದ್ದೇನೆ. ಬಿಲ್ ಹೇಗೆ ಹಂಚಿಕೊಳ್ಳುತ್ತಾರೆ ಅಂತಲೂ ಹೇಳಿ.

ಇಸಾರ್ ದಂಡೆ

ನಿಮ್ಮ ಸಹೋದ್ಯೋಗಿ ಹೇಳಿದ್ದು ನಿಜ. ಧೈರ್ಯವಾಗಿ ಒಯ್ಯಿರಿ.

ಇದರ ಹಿಂದೆ ಒಂದು ಕಥೆ ಇದೆ. ಹಿಂದೆ ಇಲ್ಲಿನ ಬೀರ್ ತಯಾರಕರು ನೆಲಮಾಳಿಗೆಯಲ್ಲಿ ಬೀರ್ ಇಡುತ್ತಿದ್ದರು. ಮೇಲೆ ನೆರಳಿರಲಿ ಅಂತ ಚೆಸ್ಟ್‌ನಟ್ ಮರ ನೆಟ್ಟರು. ಆ ನೆರಳಿಗೆ ಜನ ಕೂತರು, ಅಲ್ಲೇ ವ್ಯಾಪಾರ ಶುರುವಾಯಿತು. ಊರಿನ ಹೋಟೆಲಿನವರಿಗೆ ಹೊಟ್ಟೆ ಉರಿಯಿತು. ಕೊನೆಗೆ 1812ರ ಜನವರಿಯಲ್ಲಿ ಬವೇರಿಯಾದ ದೊರೆ ಮೊದಲನೇ ಮ್ಯಾಕ್ಸಿಮಿಲಿಯನ್ ಯೋಸೆಫ್ ಒಂದು ಆಜ್ಞೆ ಹೊರಡಿಸಿದ. ಬೇಸಿಗೆಯಲ್ಲಿ ಬೀರ್ ತಯಾರಕರು ಅಲ್ಲೇ ಬೀರ್ ಮಾರಬಹುದು, ಜೊತೆಗೆ ಬ್ರೆಡ್ ಕೊಡಬಹುದು, ಬೇರೆ ಊಟ ಕೊಡುವಂತಿಲ್ಲ. ಹೊಟ್ಟೆ ಕೇಳಬೇಕಲ್ಲ, ಜನ ಮನೆಯಿಂದ ಬುತ್ತಿ ತಂದರು. ಈಗ ಅಡುಗೆಯೂ ಅಲ್ಲೇ ಸಿಗುತ್ತೆ, ಆದರೂ ಬುತ್ತಿ ತರುವ ಪದ್ಧತಿ ಉಳಿದುಕೊಂಡಿದೆ. 1999ರ ಸರ್ಕಾರಿ ನಿಯಮದಲ್ಲೂ ಬೀರ್ ಗಾರ್ಡನ್ನಿನ ಗುರುತು ಅಂತ ಇದನ್ನೇ ಹೇಳಿದ್ದಾರೆ.

ಆದರೆ ಒಂದು ವಿಷಯ ಮರೆಯಬೇಡಿ. ಮೇಜಿನ ಮೇಲೆ ಬಟ್ಟೆ ಹಾಸಿದ್ದರೆ ಅದು ಸಪ್ಲೈ ಮಾಡುವ ಜಾಗ. ಅಲ್ಲಿ ಡಬ್ಬಿ ತೆಗೆಯಬೇಡಿ. ಬರೀ ಮರದ ಮೇಜು, ಬೆಂಚು ಇದ್ದರೆ ಸೆಲ್ಫ್ ಸರ್ವಿಸ್, ಅಲ್ಲಿ ತೆಗೆಯಬಹುದು. ಮ್ಯಾನೇಜರ್ ಯಾವ ಕಡೆ ಕೂರೋದು ಅಂತ ಯೋಚಿಸಿದ್ದಾರೆ ಅಂತ ಈಗಲೇ ಕೇಳಿಬಿಡಿ. ಕುಡಿಯೋದನ್ನು ಮಾತ್ರ ಅಲ್ಲೇ ಕೊಳ್ಳಬೇಕು, ನೀರಿನ ಬಾಟಲಿಯನ್ನೂ ಮೇಜಿನ ಮೇಲೆ ಇಡಬೇಡಿ. ಸೇಬಿನ ರಸಕ್ಕೆ ಸೋಡಾ ಬೆರೆಸಿದ ಆಪ್‌ಫೆಲ್‌ಶೋರ್ಲೆ ಕೇಳಿ, ಚೆನ್ನಾಗಿರುತ್ತೆ.

ಅಲ್ಲೇ ತಿನ್ನೋದಾದರೆ ಪ್ರೆಟ್ಸೆಲ್, ಜೊತೆಗೆ ಒಬಾಟ್ಸ್ಡಾ. ಹಣ್ಣಾದ ಚೀಸಿಗೆ ಬೆಣ್ಣೆ, ಈರುಳ್ಳಿ, ಪಾಪ್ರಿಕಾ ಪುಡಿ ಹಾಕಿ ಹಿಸುಕಿರುತ್ತಾರೆ. ವಾಸನೆ ಇದೆ, ಮೊದಲ ತುತ್ತು ದಾಟಿದರೆ ಆಯ್ತು. ಕೆಲವರು ಅದಕ್ಕೂ ಒಂದು ಗುಟುಕು ಬೀರ್ ಸುರಿಯುತ್ತಾರೆ, ಕೇಳಿ ತಗೊಳ್ಳಿ. ನನಗೆ ಇಷ್ಟ ರಾಡಿ. ನಮ್ಮ ಬಿಳಿ ಮೂಲಂಗಿಯೇ. ಸುರುಳಿಯಾಗಿ ಕೊಯ್ದು ಉಪ್ಪು ಹಾಕಿ ಬಿಡುತ್ತಾರೆ, ನೀರು ಬಿಟ್ಟುಕೊಳ್ಳುತ್ತೆ. ಮೂಲಂಗಿ ‘ಅತ್ತ’ ಮೇಲೇ ತಿನ್ನಬೇಕು ಅಂತಾರೆ ಇಲ್ಲಿನವರು.

ಬಿಲ್ಲಿನ ತಲೆನೋವಿಲ್ಲ. ಸೆಲ್ಫ್ ಸರ್ವಿಸ್‌ನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ಹೋಗಿ, ನಿಮ್ಮದಕ್ಕೆ ನೀವು ಕೊಡುತ್ತೀರಿ. ಗ್ಲಾಸಿಗೆ ಡೆಪಾಸಿಟ್ ಹಿಡಿದರೆ ಗಾಬರಿ ಬೇಡ, ವಾಪಸ್ ಕೊಟ್ಟಾಗ ದುಡ್ಡು ಬರುತ್ತೆ. ಮೆಟ್ರೋದಲ್ಲಿ ಮ್ಯೂನ್ಶ್ನರ್ ಫ್ರೈಹೈಟ್‌ಗೆ ಬಂದು ನಡೆದುಬಿಡಿ, ದೂರವಿಲ್ಲ.

ಅಡುಗೆಮನೆ_ಅಕ್ಕ

ತಮ್ಮಾ, ಹೆಸರಿನಲ್ಲೇ ಖಾರಮಂಡಕ್ಕಿ ಇಟ್ಟುಕೊಂಡು ಏನು ಒಯ್ಯಲಿ ಅಂತ ಯೋಚನೆ ಮಾಡ್ತೀಯಾ? ಒಗ್ಗರಣೆ ಮನೆಯಲ್ಲೇ ಮಾಡಿ ಬಾಟಲಿಗೆ ಹಾಕಿಕೊ. ಈರುಳ್ಳಿ, ಕೊತ್ತಂಬರಿ ಬೇರೆ ಡಬ್ಬಿ. ಪುಟಾಣಿ ಪುಡಿ ಬೇರೆ. ಅಲ್ಲೇ ಕಲಸು. ಬೆಳಿಗ್ಗೆಯೇ ಕಲಸಿಕೊಂಡು ಹೋದರೆ ಮಧ್ಯಾಹ್ನಕ್ಕೆ ಹಿಟ್ಟಾಗಿರುತ್ತೆ.

ಶೋರ್ಲೆ_ಸಾಕು

ಆಗಸ್ಟ್ ತಿಂಗಳು, ಕಣಜ ಜಾಸ್ತಿ. ಸಿಹಿ ಗ್ಲಾಸ್ ಎಲ್ಲಿದೆಯೋ ಅಲ್ಲಿ ಹಾಜರು. ಗ್ಲಾಸಿನ ಮೇಲೆ ರಟ್ಟಿನ ಬಿಲ್ಲೆ ಮುಚ್ಚಿ ಇಡಿ. ಸುಮ್ನೆ ಕೈ ಬೀಸಿ ಹೊಡೆಯೋಕೆ ಹೋಗಬೇಡಿ, ಕಾರಣವಿಲ್ಲದೆ ಅವನ್ನು ಕೊಲ್ಲೋದು ಈ ದೇಶದಲ್ಲಿ ಕಾನೂನಿಗೆ ವಿರುದ್ಧ.

ಖಾರಮಂಡಕ್ಕಿ_ದಾವಣಗೆರೆ

ಹೋಗಿ ಬಂದೆ. ಹೇಳಲೇಬೇಕು.

ಕೆರೆ ಮೊದಲು. ಎಂಟೂವರೆ ಹೆಕ್ಟೇರ್ ಚಿಲ್ಲರೆಯಂತೆ. ನಮ್ಮ ಕುಂದವಾಡ ಕೆರೆ ನೋಡಿದವನಿಗೆ ಇದು ಹೊಂಡ. ಆದರೆ ನೀರಿನ ಅಂಚಿನವರೆಗೂ ಬೆಂಚು, ಬೆಂಚಿನ ತುಂಬ ಜನ, ಕಾಲ ಬುಡದಲ್ಲಿ ಬಾತುಗಳು. ಗುರುವಾರ ಮಧ್ಯಾಹ್ನ ಇವರಿಗೆಲ್ಲ ಕೆಲಸ ಇಲ್ವಾ ಅನ್ನಿಸಿತು. ನಮ್ಮ ಮ್ಯಾನೇಜರ್ ಹನ್ನೊಂದೂವರೆಗೇ ಹೋಗಿ ಒಂದು ಮೇಜಿಗೆ ಜಾಕೆಟ್, ಇನ್ನೊಂದಕ್ಕೆ ಬ್ಯಾಗು ಹಾಕಿ ಕಾಯುತ್ತಿದ್ದರು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯೋದು ನಮ್ಮೂರಿನ ವಿದ್ಯೆ ಅಂದುಕೊಂಡಿದ್ದೆ.

ಡಬ್ಬಿ ತೆಗೆಯೋಕೆ ಹತ್ತು ನಿಮಿಷ ನಾಚಿಕೊಂಡೆ. ಅಷ್ಟರಲ್ಲಿ ಎದುರಿಗಿದ್ದ ಹಿರಿಯ ಸಹೋದ್ಯೋಗಿ ಬ್ಯಾಗಿನಿಂದ ಚೌಕಳಿ ಬಟ್ಟೆ, ಮರದ ಹಲಗೆ, ಚಾಕು, ಒಂದು ಮೊಳದ ಮೂಲಂಗಿ ತೆಗೆದರು. ಉಪ್ಪಿನ ಡಬ್ಬಿಯೂ ಮನೆಯದೇ! ಆಮೇಲೆ ನನಗೇನು ಸಂಕೋಚ. ಸ್ಟೀಲ್ ಪಾತ್ರೆಗೆ ಮಂಡಕ್ಕಿ ಸುರಿದು, ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಕೈಯಿಂದಲೇ ಕಲಸಿದೆ. ಶೇಂಗಾ ಬೀಜ ತಳಕ್ಕೆ ಇಳಿದಿತ್ತು, ಕೆಳಗಿನಿಂದ ಎತ್ತಿ ಎತ್ತಿ ಕಲಸಬೇಕಾಯಿತು. 12 ಜನ ಮಾತು ನಿಲ್ಲಿಸಿ ನೋಡುತ್ತಿದ್ದರು. ಪಕ್ಕದ ಮೇಜಿನ ಅಪರಿಚಿತರೂ ನೋಡಿದರು.

ಮೊದಲು ಎಲ್ಲರೂ ಒಂದೊಂದೇ ಕಾಳು ತೆಗೆದು ತಿಂದರು. ಮಂಡಕ್ಕಿ ಅಂದರೆ ಅವರಿಗೆ ಬೆಳಿಗ್ಗೆ ಹಾಲಿಗೆ ಹಾಕಿಕೊಳ್ಳುವ ಸಿಹಿ ತಿಂಡಿ. ಖಾರ ತಗುಲಿದ ಮೇಲೆ ಮುಷ್ಟಿಗೆ ಬಂದರು. ಬೀರಿನ ಜೊತೆ ಇದೇ ಸರಿ ಅಂತ ಮೂರು ಜನ ಹೇಳಿದರು. ನನಗೆ ಗೊತ್ತಾಗುವುದಿಲ್ಲ, ನಂಬಿದೆ. ನನ್ನ ಪಾಲಿಗೆ ಒಂದು ಹಿಡಿ ಉಳಿಯಿತು, ಪ್ರೆಟ್ಸೆಲ್ ತಂದು ತಿಂದೆ. ಮೂಲಂಗಿ ಅತ್ತ ಮೇಲೆ ಎರಡು ಸುರುಳಿ ನನಗೂ ಕೊಟ್ಟರು. ಸ್ವಲ್ಪ ನಿಂಬೆ ಹುಳಿ, ಹೆಸರುಬೇಳೆ ಇದ್ದಿದ್ದರೆ ಕೋಸಂಬರಿಯೇ.

ಕಣಜದ ವಿಷಯ ಹೇಳಿದವರಿಗೆ ಥ್ಯಾಂಕ್ಸ್. ಬಿಲ್ಲೆ ಮುಚ್ಚಿದ್ದೆ. ಮ್ಯಾನೇಜರ್ ಮುಚ್ಚಿರಲಿಲ್ಲ, ಅವರ ಗ್ಲಾಸಿನಲ್ಲಿ ಎರಡು ಈಜುತ್ತಿದ್ದವು.

ಅಕ್ಕಾ, ಒಂದು ಪ್ರಶ್ನೆ. ಇಲ್ಲಿ ಸಿಕ್ಕ ಮಂಡಕ್ಕಿ ಸ್ವಲ್ಪ ಮೆತ್ತಗಿತ್ತು, ಬಾಣಲೆಯಲ್ಲಿ ಬೆಚ್ಚಗೆ ಮಾಡಿಕೊಂಡು ಹೋಗಿದ್ದೆ. ಓವನ್‌ನಲ್ಲಿ ಇಟ್ಟರೆ ಇನ್ನೂ ಗರಿಗರಿ ಆಗುತ್ತಾ? ಮುಂದಿನ ಸಲಕ್ಕೆ ಎರಡು ಪಟ್ಟು ಮಾಡಬೇಕು, ಬಾಣಲೆ ಸಾಲೋದಿಲ್ಲ.