ಎಂಎಲ್ಎಗೆ ಮನವಿ ಕೊಡುವಾಗ ಏನು ಬರೆಯಬೇಕು? ಈರುಳ್ಳಿ, ಮೆಕ್ಕೆಜೋಳ, ಎಣ್ಣೆ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಗೃಹಿಣಿ, ದಾವಣಗೆರೆ): ಸರ್, ನಮಸ್ಕಾರ. ನೀವು ಎಪಿಎಂಸಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು ಅಂತ ಗುಂಪಿನಲ್ಲಿ ಹೇಳಿದರು, ಅದಕ್ಕೇ ಕೇಳುತ್ತಿದ್ದೇನೆ. ನನ್ನ ತವರು ಚಳ್ಳಕೆರೆ ಕಡೆ. ಹೋದ ಸಲ ಅಣ್ಣನ ಈರುಳ್ಳಿ ಕೆಜಿಗೆ 9 ರೂಪಾಯಿಗೆ ಹೋಯಿತು. ಅದೇ ವಾರ ನಾನು ಇಲ್ಲಿ ತಳ್ಳುಗಾಡಿಯವನಿಗೆ 30 ಕೊಟ್ಟೆ. ಊರಿಗೆ ಎಂಎಲ್ಎ ಬರುತ್ತಾರಂತೆ, ಅಣ್ಣ ಮನವಿ ಕೊಡಬೇಕು ಅಂತಿದ್ದಾನೆ. "ಈರುಳ್ಳಿಗೆ ಒಳ್ಳೆ ಬೆಲೆ ಕೊಡಿಸಿ" ಅಂತ ಬರೆದರೆ ಸಾಕಾ? ಅವನಿಗೆ ಜಾಸ್ತಿ ಸಿಕ್ಕರೆ ನಮಗೆ ಇನ್ನೂ ತುಟ್ಟಿ ಆಗುತ್ತೆ ಅಲ್ವಾ?

ಉತ್ತರ: ಅಕ್ಕ, ನಮಸ್ಕಾರ. ಹಾಗೆ ಬರೆಯಬೇಡಿ. "ಆಯ್ತು, ನೋಡೋಣ" ಅಂತ ಹೇಳಿ ಕಾಗದ ಪಿಎ ಕೈಗೆ ಹೋಗುತ್ತೆ, ಅಲ್ಲಿಗೆ ಮುಗೀತು. ಬೆಲೆ ಶಾಸಕರ ಕೈಯಲ್ಲಿಲ್ಲ. ಬೆಂಬಲ ಬೆಲೆ ಕೇಂದ್ರ ಸರ್ಕಾರದ್ದು, ಈರುಳ್ಳಿಗಂತೂ ಅದೂ ಇಲ್ಲ. ರಫ್ತು ನಿಲ್ಲಿಸೋದು, ಬಿಡೋದು ದೆಹಲಿಯಲ್ಲೇ. 2023ರ ಡಿಸೆಂಬರ್ 8ಕ್ಕೆ ರಫ್ತು ನಿಷೇಧಿಸಿದರು, 2024ರ ಮೇನಲ್ಲಿ ಶೇ 40 ಸುಂಕ ಹಾಕಿ ಬಿಟ್ಟರು, ಆ ಸುಂಕ ಪೂರ್ತಿ ಹೋಗಿದ್ದು 2025ರ ಏಪ್ರಿಲ್ 1ಕ್ಕೆ. ಇದನ್ನು ಸಂಸದರಿಗೆ ಕೇಳಬೇಕು.

ಆದರೆ 9 ಮತ್ತು 30ರ ನಡುವಿನ 21 ರೂಪಾಯಿ ಇದೆಯಲ್ಲ, ಅದರಲ್ಲಿ ಶಾಸಕರು ಕೈ ಹಾಕಬಹುದು. ಆ ದುಡ್ಡೆಲ್ಲ ಒಬ್ಬರ ಲಾಭ ಅಲ್ಲ. ನಮ್ಮ ಕಡೆಯದು ಮುಂಗಾರು ಈರುಳ್ಳಿ. ಕೀಳೋದು ಮಳೆಯಲ್ಲೇ. ಗಡ್ಡೆಯ ಕತ್ತು ಒಣಗಿರಲ್ಲ, ಚೀಲ ತುಂಬಿ ನಾಲ್ಕು ದಿನಕ್ಕೆ ಕೆಳಗೆ ನೀರು ಬಿಡುತ್ತೆ. ಇಡೋಕೆ ಜಾಗ ಇಲ್ಲ ಅಂತ ಎಲ್ಲರೂ ಒಂದೇ ವಾರ ಲಾರಿ ಹತ್ತಿಸಿ ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಕಳಿಸುತ್ತಾರೆ, ಅಲ್ಲಿ ಮಾಲು ಬಿದ್ದು ರೇಟು ಕುಸಿಯುತ್ತೆ. ಇಲ್ಲಿ ತಳ್ಳುಗಾಡಿಯವನು ಚೀಲ ಸುರಿದು ಕೊಳೆತದ್ದು ಆರಿಸಿ ಬಿಸಾಡುತ್ತಾನೆ. ಆ ನಷ್ಟವೂ ನಿಮ್ಮ 30ರಲ್ಲೇ ಸೇರಿರುತ್ತೆ. ಕೊಳೆಯೋದು ಕಡಿಮೆ ಆದರೆ ಅಣ್ಣನಿಗೂ ಎರಡು ರೂಪಾಯಿ ಜಾಸ್ತಿ, ನಿಮಗೂ ಕಡಿಮೆ. ಒಬ್ಬರದ್ದು ಕಿತ್ತು ಇನ್ನೊಬ್ಬರಿಗೆ ಕೊಡೋ ಲೆಕ್ಕ ಇದಲ್ಲ.

ಹಾಗಾಗಿ ಹೀಗೆ ಬರೆಯಿರಿ: ತೋಟಗಾರಿಕೆ ಇಲಾಖೆಯ ಸಹಾಯಧನದಲ್ಲಿ ಈ ವರ್ಷ ನಮ್ಮ ಹೋಬಳಿಗೆ ಈರುಳ್ಳಿ ಕೆಡದಂತೆ ಇಡೋ ಶೆಡ್ ಎಷ್ಟು ಬಂದಿದೆ, ಯಾರಿಗೆ ಕೊಟ್ಟಿದ್ದೀರಿ, ಎಷ್ಟು ಅರ್ಜಿ ಬಾಕಿ? ಇದನ್ನು ಮುಂದಿನ ಕೆಡಿಪಿ ಸಭೆಯಲ್ಲಿ, ಅಂದರೆ ಇಲಾಖೆಗಳ ಕೆಲಸ ಪರಿಶೀಲಿಸೋ ಸಭೆಯಲ್ಲಿ, ಕೇಳಿ ಅನ್ನಿ. ತಾಲ್ಲೂಕು ಕೆಡಿಪಿ ಸಭೆಗೆ ಶಾಸಕರೇ ಅಧ್ಯಕ್ಷರು. ಅಲ್ಲಿ ಕೇಳಿದ್ದಕ್ಕೆ ಅಧಿಕಾರಿ ಲೆಕ್ಕ ತಂದು ಹೇಳಲೇಬೇಕು.

ಪ್ರಶ್ನೆ (ಅದೇ ಗೃಹಿಣಿ): ಅಣ್ಣ ಚೀಟಿ ಫೋಟೋ ಕಳಿಸಿದ. ಮಂಡಿಯವರು ಬಿಳಿ ಹಾಳೆಯಲ್ಲಿ ಬರೆದುಕೊಟ್ಟಿದ್ದಾರೆ. ಹಮಾಲಿ, ಕಮಿಷನ್ ಅಂತ ಕಳೆದಿದ್ದಾರೆ, ಚೀಲಕ್ಕೆ 2 ಕೆಜಿ ಸೂಟು ಅಂತ ತೂಕದಲ್ಲೂ ಕಳೆದಿದ್ದಾರೆ. ಇದು ಸರಿನಾ?

ಉತ್ತರ: ಸರಿ ಅಲ್ಲ. ನೋಡಿದರೆ ಹೊಟ್ಟೆ ಉರಿಯುತ್ತೆ. ನಮ್ಮ ರಾಜ್ಯದ ಎಪಿಎಂಸಿ ಕಾಯ್ದೆ 1966ರದ್ದು. ಕಮಿಷನ್ ಕೊಡಬೇಕಾದವನು ಕೊಳ್ಳುವವನು, ರೈತನಿಂದ ಮುರಿಯುವಂತಿಲ್ಲ. ಸೂಟು ಹೆಸರಲ್ಲಿ ತೂಕ ಕಳೆಯುವಂತೆಯೂ ಇಲ್ಲ. ಬಿಳಿ ಚೀಟಿ ಕೊಟ್ಟರೆ ತಗೊಳ್ಳಬೇಡಿ, ಮಾರುಕಟ್ಟೆಯ ಅಧಿಕೃತ ಲೆಕ್ಕದ ಚೀಟಿಯಾದ ತಕ್‌ಪಟ್ಟಿನೇ ಕೇಳಿ. ಬಿಳಿ ಚೀಟಿಗೆ ಮಾರುಕಟ್ಟೆ ಲೆಕ್ಕದಲ್ಲಿ ಜಾಗ ಇಲ್ಲ, ನಾಳೆ ದುಡ್ಡು ಕೊಡದೆ ಸತಾಯಿಸಿದರೆ ನಿಮ್ಮ ಹತ್ತಿರ ಏನೂ ಇರಲ್ಲ. ಅಣ್ಣ ಒಬ್ಬನೇ ಹೋಗಿ ಜಗಳ ಆಡೋದು ಬೇಡ, ಮುಂದಿನ ಸಲ ಅದೇ ಮಂಡಿಗೆ ಹೋಗಬೇಕಲ್ಲ. ಊರಿನ ಹತ್ತು ಜನರ ಚೀಟಿ ಜೆರಾಕ್ಸ್ ಮಾಡಿಸಿ ಮನವಿಗೆ ಪಿನ್ ಮಾಡಿ. ಶಾಸಕರು ಇದನ್ನು ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಮಾಡಿದರೆ ಸಚಿವರೇ ಉತ್ತರ ಕೊಡಬೇಕಾಗುತ್ತೆ.

ಪ್ರಶ್ನೆ (ಜಗಳೂರು ತಾಲ್ಲೂಕಿನ ಯುವಕ): ಅಣ್ಣಾ, ನಮ್ಮದು ಮೆಕ್ಕೆಜೋಳ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ಇತ್ತು, ನಾವು ಕೊಟ್ಟಿದ್ದು ಅದಕ್ಕಿಂತ ತುಂಬಾ ಕಡಿಮೆಗೆ.

ಉತ್ತರ: ತಮ್ಮಾ, ದಾವಣಗೆರೆ ಮಾರುಕಟ್ಟೆಯಲ್ಲಿ ಇದನ್ನು ವರ್ಷ ವರ್ಷ ನೋಡಿದ್ದೇನೆ. ನೀವು ಅಕ್ಟೋಬರ್, ನವೆಂಬರ್‌ನಲ್ಲಿ ಮುರೀತೀರಿ. ಗೊಬ್ಬರದ ಅಂಗಡಿ ಸಾಲ ತಲೆ ಮೇಲಿರುತ್ತೆ. ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆಯೋ ಹೊತ್ತಿಗೆ ಸಣ್ಣ ರೈತನ ಮನೆಯಲ್ಲಿ ಕಾಳು ಇರಲ್ಲ. ಖರೀದಿ ಕೇಂದ್ರದ ಬಗ್ಗೆ ಜಿಲ್ಲೆಯಲ್ಲಿ ನೋಡಿಕೊಳ್ಳೋದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಟಾಸ್ಕ್‌ಫೋರ್ಸ್. ಸೆಪ್ಟೆಂಬರ್‌ನಲ್ಲೇ ಅದರ ಸಭೆ ಕರೆಸಿ ಅಂತ ಶಾಸಕರಿಗೆ ಈಗಲೇ ಬರೆದು ಕೊಡಿ. ಫ್ರೂಟ್ಸ್ ಐಡಿ (ರೈತರ ಸರ್ಕಾರಿ ನೋಂದಣಿ ಸಂಖ್ಯೆ) ಇದೆಯಾ, ಬೆಳೆ ಸಮೀಕ್ಷೆಯಲ್ಲಿ ಮೆಕ್ಕೆಜೋಳ ಅಂತಲೇ ಇದೆಯಾ ನೋಡಿಕೊಳ್ಳಿ.

ಇನ್ನೊಂದು, ತೇವಾಂಶ ಶೇ 14 ದಾಟಿದರೆ ಕೇಂದ್ರದಲ್ಲಿ ವಾಪಸ್ ಕಳಿಸುತ್ತಾರೆ. ನಮ್ಮ ಜನ ಕಾಳು ಒಣಗಿಸೋದು ಎಲ್ಲಿ? ಟಾರ್ ರಸ್ತೆ ಮೇಲೆ. ಸುತ್ತ ಕಲ್ಲಿಟ್ಟಿರುತ್ತಾರೆ, ರಾತ್ರಿ ಬೈಕಿನವರು ಬಿದ್ದಿರೋದು ನಾನೇ ನೋಡಿದ್ದೇನೆ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ ಇದೆ. ಊರಿನ ಎಲ್ಲರೂ ಬಳಸೋ ಒಂದು ಸಿಮೆಂಟ್ ಕಣ ಅದರಲ್ಲಿ ಕೇಳಿ. ಕಮಾನು, ದ್ವಾರಬಾಗಿಲು ಆಮೇಲೆ ಕಟ್ಟಲಿ.

ಪ್ರಶ್ನೆ (ಮಂಡಕ್ಕಿ-ಮಿರ್ಚಿ ಅಂಗಡಿ, ದಾವಣಗೆರೆ): ಸರ್, ನನ್ನ ಖರ್ಚೆಲ್ಲ ಎಣ್ಣೆಗೇ ಹೋಗುತ್ತೆ. ಚಳ್ಳಕೆರೆಯಂಥ ಎಣ್ಣೆ ಮಿಲ್ಲಿನ ಊರು ಪಕ್ಕದಲ್ಲೇ ಇದ್ದೂ ಯಾಕೆ ಹೀಗೆ?

ಉತ್ತರ: ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತೆ. ಸಂಸ್ಕರಿಸದ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಮೂಲ ಆಮದು ಸುಂಕ 2024ರ ಸೆಪ್ಟೆಂಬರ್‌ನಲ್ಲಿ ಶೂನ್ಯದಿಂದ ಶೇ 20ಕ್ಕೆ ಏರಿತು, 2025ರ ಮೇ ಕೊನೆಗೆ ಶೇ 10ಕ್ಕೆ ಇಳಿಯಿತು. ಸುಂಕ ಇಳಿದರೆ ನಿಮ್ಮ ಬಾಣಲೆಗೆ ಒಳ್ಳೇದು, ಶೇಂಗಾ ಬೆಳೆಯುವವನಿಗೆ ಏಟು. ಇಲ್ಲಿ ಶಾಸಕರು ಮಾಡಬಹುದಾದದ್ದು ಬೀಜದ ಕೆಲಸ. ಶೇಂಗಾದಲ್ಲಿ ಬೀಜದ ಖರ್ಚೇ ದೊಡ್ಡದು. ಇವತ್ತಿಗೂ ತುಂಬಾ ಜನ ಹಳೇ ಟಿಎಂವಿ-2 ತಳಿಯನ್ನೇ ಬಿತ್ತುತ್ತಾರೆ. ಜಾಸ್ತಿ ಇಳುವರಿಯ ತಳಿ ರೈತ ಸಂಪರ್ಕ ಕೇಂದ್ರಕ್ಕೆ ಮಳೆಗೆ ಮೊದಲೇ ಬರಬೇಕು. ಮಳೆ ಬಂದು ಹೋದ ಮೇಲೆ ಬಂದರೆ ಏನು ಪ್ರಯೋಜನ? ಎಕರೆಗೆ ಎರಡು ಚೀಲ ಜಾಸ್ತಿ ಬಂದರೆ ರೇಟು ಸ್ವಲ್ಪ ಇಳಿದರೂ ರೈತ ತಡೆದುಕೊಳ್ಳುತ್ತಾನೆ.

ಗೃಹಿಣಿ: ಸರ್, ಅಣ್ಣನಿಗೆ ಎಲ್ಲ ಓದಿ ಹೇಳಿದೆ. ಏಳು ಜನರ ಚೀಟಿ ಸಿಕ್ಕಿದೆಯಂತೆ.

ಉತ್ತರ: ಒಳ್ಳೇದು ಅಕ್ಕ. ಇನ್ನು ಮೂರು ಸೇರಿಸಲಿ. ಮನವಿಯ ಒಂದು ಪ್ರತಿ ಮೇಲೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಲಿ. ಕೆಡಿಪಿ ಸಭೆ ಯಾವತ್ತು ಅಂತ ತಾಲ್ಲೂಕು ಪಂಚಾಯಿತಿಯಲ್ಲಿ ಕೇಳಿಕೊಂಡು ನನಗೂ ತಿಳಿಸಿ.