ಕಾಫಿ ಹೂವಿನ ನಡುವೆ ಅಗಲಿಕೆಯ ದೃಶ್ಯ: ಯಾವ ದಿನ ಶೂಟ್ ಮಾಡಬೇಕು?

ಪೊನ್ನಂಪೇಟೆ ಕಿರುಚಿತ್ರ:
20 ನಿಮಿಷದ ಪ್ರೇಮಕಥೆ. ಹುಡುಗಿ ಬೆಂಗಳೂರಿನ ಹಾಕಿ ಶಿಬಿರಕ್ಕೆ ಆಯ್ಕೆಯಾಗಿದ್ದಾಳೆ, ಹುಡುಗ ತೋಟ ಬಿಟ್ಟು ಹೋಗುವಂತಿಲ್ಲ. ಕೊನೆಯ ಭೇಟಿ ರೊಬಸ್ಟಾ ಕಾಫಿ ಹೂವಿನ ನಡುವೆ. ಯೂನಿಟ್ ಯಾವತ್ತು ಕರೆಸಲಿ? ಟೆಸ್ಟ್ ಶಾಟ್‌ನಲ್ಲಿ ಹೂವೆಲ್ಲ ಸುಣ್ಣ ಬಳಿದ ಹಾಗಿತ್ತು, ಮುಖ ಹಸಿರಾಗಿತ್ತು. ಇನ್ನೊಂದು, ಸ್ಕ್ರಿಪ್ಟ್ ಓದಿದವರೆಲ್ಲ ಹುಡುಗ ಅವಳಿಗೆ ಬರೀ ಅಡ್ಡಿಯಾಗಿ ಕಾಣ್ತಾನೆ ಅಂತಾರೆ.

ಸಿದ್ದಾಪುರ ಬೆಳೆಗಾರ:
ಹೂಮಳೆ (ಕಾಫಿ ಮೊಗ್ಗು ಅರಳಿಸೋ ಬೇಸಿಗೆ ಮಳೆ) ನಂಬಿ ಡೇಟ್ ಹಾಕಬೇಡಿ. ಸ್ಪ್ರಿಂಕ್ಲರ್ ಇರೋ ತೋಟ ಹುಡುಕಿ, ಅವರು ನೀರು ಕೊಡೋ ದಿನ ಕೇಳಿಟ್ಟುಕೊಳ್ಳಿ. ನೀರು ಕೊಟ್ಟ ಮೇಲೆ ರೊಬಸ್ಟಾ ಸಾಮಾನ್ಯವಾಗಿ 7-8ನೇ ದಿನಕ್ಕೆ ಅರಳುತ್ತೆ, ಅರೇಬಿಕಾಗೆ ಒಂದೆರಡು ದಿನ ಹೆಚ್ಚು. ಮೊದಲ ದಿನ ಅಚ್ಚ ಬಿಳಿ, ಎರಡನೇ ದಿನವೂ ನಡೆಯುತ್ತೆ, ಮೂರನೇ ದಿನ ಎಸಳು ಕಂದು ತಿರುಗುತ್ತೆ. 6ನೇ ದಿನ ಸಂಜೆಗೇ ಯೂನಿಟ್ ಊರಲ್ಲಿರಲಿ. ಟ್ರಾಲಿ ಹಳಿ ಗಿಡಗಳ ನಡುವೆ ಬೇಡ, ತೋಟದ ರಸ್ತೆಯಲ್ಲಿ ಹಾಕಿ. ಕೊಂಬೆಗೆ ಮೈ ತಾಗಿದರೆ ಉದುರೋದು ಆ ಮನೆಯವರ ಫಸಲು.

ಮಡಿಕೇರಿ ಕ್ಯಾಮೆರಾ:
ಎಕ್ಸ್‌ಪೋಶರ್ ಹೂವಿಗೆ ಇಡಿ, ಜೀಬ್ರಾ (ಬೆಳಕು ಹೆಚ್ಚಾದ ಜಾಗಕ್ಕೆ ಪರದೆಯಲ್ಲಿ ಗೆರೆ ತೋರಿಸೋ ಸೆಟ್ಟಿಂಗ್) 95ಕ್ಕೆ ಹಾಕಿ. ಕತ್ತಲಾದ ಮುಖಕ್ಕೆ ಬಯಲಿನ ಕಡೆಯಿಂದ ಥರ್ಮಾಕೋಲ್ ಹಿಡಿಯಿರಿ. ಹಸಿರು ಬರೋದು ಎಲೆಗೆ ತಾಗಿ ಬರೋ ಬೆಳಕಿಂದ, ಹಾಗಾಗಿ ಗಿಡದ ಕಡೆ ಕಪ್ಪು ಬಟ್ಟೆ ಅಡ್ಡ ಕಟ್ಟಿ. ಆಟೋ ವೈಟ್ ಬ್ಯಾಲೆನ್ಸ್ ಆಫ್ ಮಾಡಿ, ಗ್ರೇ ಕಾರ್ಡನ್ನು (ಬಣ್ಣ ಸರಿಹೊಂದಿಸೋ ಬೂದು ಕಾರ್ಡ್) ಮುಖ ಇರೋ ಜಾಗದಲ್ಲೇ ಹಿಡಿದು ಸೆಟ್ ಮಾಡಿ. ಮಾತಿರೋ ಶಾಟ್‌ಗಳು 8:30ರೊಳಗೆ ಮುಗಿಯಲಿ. ಆಮೇಲೆ ನೆರಳಿನ ಮರಗಳ ಸಂದಿಯಿಂದ ಮುಖದ ಮೇಲೆ ಬಿಸಿಲಿನ ಮಚ್ಚೆ ಬೀಳುತ್ತೆ, ಜೇನುಹುಳದ ಗುಂಯ್ ಮೈಕಲ್ಲಿ ಕೂರುತ್ತೆ. ಹುಡುಗಿಗೆ ಬಿಳಿ ಬಟ್ಟೆ ಮಾತ್ರ ಬೇಡ.

ವಿರಾಜಪೇಟೆ ಚಿತ್ರಕಥೆ:
ತೊಂದರೆ ಇರೋದು ಹುಡುಗನಿಗೆ ಸ್ವಂತದ ಆಸೆ ಇಲ್ಲದಿರೋದ್ರಲ್ಲಿ. ‘ಅಪ್ಪನ ತೋಟ’ ಅನ್ನೋದು ಬರೀ ಕರ್ತವ್ಯ. ಹಣ್ಣನ್ನು ಹಾಗೇ ಒಣಗಿಸಿ ಮಾರೋ ಬದಲು ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರ) ಹಾಕಿ ರೊಬಸ್ಟಾ ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ಒಣಗಿಸಿದ, ಒಳಪೊರೆ ಇರೋ ಬೀಜ) ಮಾಡಬೇಕು ಅನ್ನೋ ಹಟ ಅವನಿಗಿರಲಿ. ಆಗ ಅವನು ಹೋಗದಿರೋದಕ್ಕೆ ಗಟ್ಟಿ ಕಾರಣ ಸಿಗುತ್ತೆ: ಹೂ ಬಿಟ್ಟು ಸುಮಾರು ಮೂರು ವಾರಕ್ಕೆ ಮಳೆ ಬಾರದಿದ್ದರೆ ಎರಡನೇ ನೀರು ಕೊಡಲೇಬೇಕು, ಇಲ್ಲದಿದ್ದರೆ ಕಾಯಿ ಕಚ್ಚಲ್ಲ. ಅವಳು ಶಿಬಿರಕ್ಕೆ ಸೇರೋ ದಿನ ಅದರ ಮಧ್ಯದಲ್ಲೇ ಬರಲಿ. ‘ನಿನ್ನ ಕನಸಿಗೆ ನಾನು ಅಡ್ಡ ಬರಲ್ಲ’ ಅನ್ನೋ ಮಾತು ತೆಗೆದುಬಿಡಿ, ಅದನ್ನು ಕೇಳಿ ಕೇಳಿ ಸಾಕಾಗಿದೆ. ಅದರ ಬದಲು ಅವನು ಸ್ಪ್ರಿಂಕ್ಲರ್ ಪೈಪ್ ಜೋಡಿಸ್ತಿರಲಿ, ಅವಳು ಜಗಲಿಯಲ್ಲಿ ಕೂತು ಸ್ಟಿಕ್ಕಿಗೆ ಗ್ರಿಪ್ ಸುತ್ತುತ್ತಿರಲಿ. ಸುತ್ತಿ ಮುಗಿಯೋವರೆಗೂ ಕಟ್ ಮಾಡಬೇಡಿ.

ಪೊನ್ನಂಪೇಟೆ ಕಿರುಚಿತ್ರ:
ಪಲ್ಪರ್ ವಿಷಯ ಖಂಡಿತ ಸೇರಿಸ್ತೀನಿ. ಪೈಪ್ ಶಾಟನ್ನೂ ಹೂವಿನ ದಿನವೇ ತೆಗೀಬಹುದಾ?

ಸಿದ್ದಾಪುರ ಬೆಳೆಗಾರ:
ಆಗಲ್ಲ. ಅರಳಿದ ಹೂವಿನ ಮೇಲೆ ನೀರು ಬಿದ್ದರೆ ಪರಾಗ ಕೆಡುತ್ತೆ, ಅವತ್ತು ಸ್ಪ್ರಿಂಕ್ಲರ್ ಜೆಟ್ ತಿರುಗಿಸೋಕೆ ಯಾರೂ ಬಿಡಲ್ಲ. ನೀರು ಕೊಡೋ ದಿನವೇ ಆ ಶಾಟ್ ತೆಗೆದಿಡಿ, ಹೀರೋ ಮುಂದಿನ ವಾರದವರೆಗೆ ಗಡ್ಡ ಮುಟ್ಟದಿರಲಿ.